ಮಂಡಲದ ಹಾವು ಚಳಿಗಾಲದಲ್ಲಿ ಮಾಡುವುದಕ್ಕೆ ಏನಂತಾರೆ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ನಾಳೆ ಬೆಳಿಗ್ಗೆಯೊಳಗೆ. ಯೂರೋಪಿನ ಆ್ಯಡರ್ ಹಾವಿನ ಬಗ್ಗೆ ಕೆಲವು ಫಲಕಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಮ್ಮ ಕೊಳಕುಮಂಡಲದ ಕುಟುಂಬದ್ದೇ, ಆದರೆ ಸಣ್ಣದು, ಎರಡಡಿ ಆಸುಪಾಸು. ಬೆನ್ನುದ್ದಕ್ಕೂ ಅಂಕುಡೊಂಕು ಪಟ್ಟೆ. ಬ್ರಿಟನ್ನಿನಲ್ಲಿ ಇದು ಅಕ್ಟೋಬರ್ ಹೊತ್ತಿಗೆ ನೆಲದೊಳಗೆ ಸೇರಿದರೆ ಮತ್ತೆ ಸರಿಯಾಗಿ ಹೊರಗೆ ಬರುವುದು ಮಾರ್ಚ್‌ಗೆ. ಮೂಲದಲ್ಲಿ ಅದಕ್ಕೆ ಬ್ರುಮೇಶನ್ ಅಂತಿದೆ. ನಾನು 'ಶಿಶಿರನಿದ್ರೆ' ಅಂತ ಹಾಕಿದ್ದೆ. ಹಾವು ಬಲ್ಲವರೊಬ್ಬರು ನೋಡಿ, 'ಅದು ನಿದ್ದೆ ಅಲ್ಲ, ತೆಗೀರಿ' ಅಂದರು. ತಲೆಬರಹಕ್ಕೆ ಒಂದೇ ಸಾಲು ಜಾಗ. ಏನು ಹಾಕಲಿ?

----

ಶಿಶಿರನಿದ್ರೆ ಚೆನ್ನಾಗಿಯೇ ಇದೆ. ಎಲ್ಲರಿಗೂ ಗೊತ್ತಿರುವ ಪದ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

----

> ಶಿಶಿರನಿದ್ರೆ ಚೆನ್ನಾಗಿಯೇ ಇದೆ

ಇಲ್ಲ ಸರ್. ಆ ಪದ ಹೈಬರ್ನೇಶನ್‌ಗೆ ಆಗಲೇ ಹೋಗಿದೆ. ಅಲ್ಲಿನ ಬಾವಲಿಯನ್ನೇ ನೋಡಿ. ತನ್ನ ಮೈಬಿಸಿಯನ್ನು ತಾನೇ ಇಳಿಸಿಕೊಂಡು, ಕೂಡಿಟ್ಟ ಕೊಬ್ಬನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತಾ ಚಳಿ ಕಳೆಯುತ್ತದೆ. ಹಾವಿಗೆ ಇಳಿಸಿಕೊಳ್ಳಲು ಅಂಥ ಸ್ವಂತ ಬಿಸಿಯೇ ಇಲ್ಲ. ಬಿಲ ಎಷ್ಟು ತಣ್ಣಗೋ ಅದೂ ಅಷ್ಟೇ ತಣ್ಣಗೆ. ಮಂದವಾಗಿರುತ್ತದೆ, ಉಣ್ಣುವುದಿಲ್ಲ, ಆದರೆ ನಿದ್ದೆ ಹೋಗಿರುವುದಿಲ್ಲ. ನಡುಚಳಿಗಾಲದಲ್ಲೂ ಒಂದು ದಿನ ಚೆನ್ನಾಗಿ ಬಿಸಿಲು ಬಿದ್ದರೆ ಬಿಲದ ಬಾಯಿಗೆ ಬಂದು ಮೈ ಕಾಯಿಸಿಕೊಳ್ಳುವುದುಂಟು. ಈ ವ್ಯತ್ಯಾಸಕ್ಕೆಂದೇ ಮೇಹ್ಯೂ ಅನ್ನುವ ವಿಜ್ಞಾನಿ 1965ರಲ್ಲಿ ಬ್ರುಮೇಶನ್ ಅಂತ ಬೇರೆ ಪದ ಕಟ್ಟಿದ್ದು. ಲ್ಯಾಟಿನ್ನಿನ ಬ್ರೂಮಾ ಅಂದರೆ ವರ್ಷದ ಅತಿ ಗಿಡ್ಡ ಹಗಲು, ಅಲ್ಲಿಂದ ಚಳಿಗಾಲ. ಅದರಲ್ಲಿ ನಿದ್ದೆ ಎಲ್ಲಿದೆ?

----

ಅಚ್ಚಗನ್ನಡದಲ್ಲಿ ಸುಲಬವಾಗಿ ಹೇಳಬಹುದು: ಚಳಿಯಡಗು. ಚಳಿಗೆ ಅಡಗುವುದು, ಅಶ್ಟೇ. ಎಲ್ಲದಕ್ಕೂ ಸಂಸ್ಕ್ರುತದ ಮನೆ ಬಾಗಿಲು ತಟ್ಟುವ ಚಟ ನಮಗೆ ಯಾವಾಗ ಹೋಗುತ್ತದೋ.

----

'ಸುಲಭ'ದ ಭಕಾರವನ್ನೇ ಕಿತ್ತವರು ನಮಗೆ ಪದ ಕಟ್ಟಿ ಕೊಡುತ್ತಿದ್ದಾರೆ. ಇರಲಿ. ಹಳಗನ್ನಡದಲ್ಲಿ ಅಡಗು ಅಂದರೆ ಮಾಂಸ. ಚಳಿಯಡಗು ಅಂದರೆ ತಣ್ಣಗಿನ ಮಾಂಸ. ಫಲಕಕ್ಕೆ ಚೆನ್ನಾಗಿರುತ್ತದೆ.

----

ಇವತ್ತು ಯಾರೂ ಅಡಗು ಅಂದರೆ ಮಾಂಸ ಅಂದುಕೊಳ್ಳುವುದಿಲ್ಲ. ಬೇಡವಾದರೆ ಚಳಿಹುದುಗು ಅನ್ನಿ.

----

ಹುದುಗು ಬರುವುದು ಹಿಟ್ಟಿಗೆ.

----

ನಡುವೆ ಬಾಯಿ ಹಾಕುತ್ತೇನೆ. ನಿಮ್ಮ 'ಮಂಡಲ'ವೇ ತಪ್ಪು, ಅದನ್ನು ಯಾರೂ ಹೇಳಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಹಾವುಗಳನ್ನು ಮೈಯ ಗುರುತಿನ ಮೇಲೆ ವಿಂಗಡಿಸಿದ್ದಾರೆ: ದರ್ವೀಕರ, ಮಂಡಲಿ, ರಾಜಿಮಂತ. ದರ್ವಿ ಅಂದರೆ ಸೌಟು, ಹೆಡೆ ಸೌಟಿನ ಹಾಗೆ ಅಗಲವಾಗಿರುವುದು ದರ್ವೀಕರ. ಮೈಮೇಲೆ ದುಂಡನೆ ಮಚ್ಚೆ ಇರುವುದು ಮಂಡಲಿ. ಗೆರೆ ಇರುವುದು ರಾಜಿಮಂತ. ನಮ್ಮ ಕೊಳಕುಮಂಡಲದ ಬೆನ್ನು ನೋಡಿ, ಸರಪಳಿ ಕೊಂಡಿಯ ಹಾಗೆ ಸಾಲಾಗಿ ದುಂಡು ಮಚ್ಚೆ. ಸುತ್ತ ಕಪ್ಪು ಅಂಚು, ಅದರಾಚೆಗೆ ಬಿಳಿ. ಅದು ಮಂಡಲ. ಆ್ಯಡರ್‌ಗೆ ಮಚ್ಚೆ ಎಲ್ಲಿದೆ, ಅಂಕುಡೊಂಕು ಗೆರೆ ಇರುವುದಲ್ವಾ? ನ್ಯಾಯವಾಗಿ ಅದು ರಾಜಿಮಂತ.

----

ಹಾಗಂತ ಹೋದರೆ ಈ ಕುಟುಂಬಕ್ಕೆ ಇಂಗ್ಲಿಷಿನಲ್ಲಿರುವ ವೈಪರ್ ಅನ್ನುವ ಹೆಸರೂ ತಪ್ಪೇ. ಬದುಕಿದ್ದನ್ನು ಹೆರುವುದು ಅನ್ನುವ ಲ್ಯಾಟಿನ್ ಮಾತಿನಿಂದ ಅದು ಬಂತು ಅಂತಾರೆ. ಆ್ಯಡರ್‌ಗೆ ಸರಿ, ಕೊಳಕುಮಂಡಲಕ್ಕೂ ಸರಿ, ಎರಡೂ ಮರಿಗಳನ್ನೇ ಹಾಕುತ್ತವೆ. ಆದರೆ ದಕ್ಷಿಣ ಅಮೆರಿಕದ ಬುಷ್‌ಮಾಸ್ಟರ್ ಅದೇ ಕುಟುಂಬದ್ದು, ಮೊಟ್ಟೆ ಇಡುತ್ತದೆ. ಅದನ್ನು ಕುಟುಂಬದಿಂದ ಹೊರಗೆ ಹಾಕುತ್ತೀರಾ? ಹೆಸರು ಒಂದು ಹಾವಿಗೆ ಹುಟ್ಟುತ್ತದೆ, ನೂರು ಹಾವಿಗೆ ಅಂಟಿಕೊಳ್ಳುತ್ತದೆ. ಮಂಡಲದ ಹಾವು ಅಂತಲೇ ಇರಲಿ.

----

ಪ್ರಶ್ನೆ ಕೇಳಿದವಳು ನಾನು, ಇನ್ನೂ ಇಲ್ಲೇ ಇದ್ದೇನೆ :) ಸಂದರ್ಭ ಪೂರ್ತಿ ಕೊಟ್ಟರೆ ಪದ ಸಿಗಬಹುದೇನೋ. ಎರಡನೇ ಫಲಕ ಹೀಗಿದೆ: 'ಗಂಡುಗಳು ಹೆಣ್ಣುಗಳಿಗಿಂತ ಮೊದಲೇ ಹೊರಗೆ ಬರುತ್ತವೆ. ವಾರಗಟ್ಟಲೆ ಬಿಸಿಲು ಕಾಯಿಸಿ, ಪೊರೆ ಕಳಚಿ, ಹೊಸ ಬಣ್ಣದಲ್ಲಿ ಹೆಣ್ಣು ಹುಡುಕಿಕೊಂಡು ಹೊರಡುತ್ತವೆ. ಆಮೇಲೆ ಮಿಲನ ನೃತ್ಯ.' ಹೆಣ್ಣು ಬೇಸಿಗೆಯ ಕೊನೆಗೆ ಮರಿ ಹಾಕುತ್ತದೆ, ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ.

----

'ಮಿಲನ ನೃತ್ಯ' ಮೊದಲು ಹೊಡೆದು ಹಾಕಿ. ಅದು ಎರಡು ಗಂಡುಗಳ ಕುಸ್ತಿ. ಮೈ ಮುಂಭಾಗ ಎತ್ತಿ, ತಳುಕು ಹಾಕಿಕೊಂಡು, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ನೋಡುತ್ತವೆ. ಕಚ್ಚುವುದಿಲ್ಲ. ಸೋತದ್ದು ಜಾಗ ಖಾಲಿ ಮಾಡುತ್ತದೆ. ನೋಡುವವರಿಗೆ ಜೋಡಿ ಅನ್ನಿಸುತ್ತದೆ, ನಮ್ಮಲ್ಲೂ ಕೇರೆ ಹಾವುಗಳ ಕುಸ್ತಿ ನೋಡಿ 'ಗಂಡು-ಹೆಣ್ಣು' ಅನ್ನುವವರೇ ಜಾಸ್ತಿ. ಇನ್ನು ನಿಮ್ಮ ಪದಕ್ಕೆ 'ಮರಗಟ್ಟುವುದು' ಯಾಕಾಗಬಾರದು? ಚಳಿಗೆ ಕೈಕಾಲು ಮರಗಟ್ಟಿತು ಅಂತ ದಿನಾ ಹೇಳುತ್ತೇವೆ.

----

ಮರಗಟ್ಟುವುದರಲ್ಲಿ ಬಿಲ ಇಲ್ಲ. ಆ್ಯಡರ್ ಬರೀ ಸೆಟೆದು ಬಿದ್ದಿರುವುದಿಲ್ಲ. ಹಿಮ ಇಳಿಯದಷ್ಟು ಆಳದ ಜಾಗ ಬೇಕು ಅದಕ್ಕೆ. ಅಂಥದ್ದು ಸಿಕ್ಕರೆ ಹಲವು ಹಾವು ಒಟ್ಟಿಗೆ ಸೇರುತ್ತವೆ, ವರ್ಷ ವರ್ಷವೂ ಅಲ್ಲಿಗೇ ಮರಳುತ್ತವೆ. ಪದದಲ್ಲಿ ಆ ಜಾಗ ಇರಬೇಕು.

----

ಹಾಗಾದರೆ 'ಚಳಿಗಾಲದ ಬಿಲವಾಸ'? ವನವಾಸ, ಅಜ್ಞಾತವಾಸ ಎಲ್ಲ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವಧಿಯೂ ಬಂತು, ಮುಗಿದ ಮೇಲೆ ಹೊರಗೆ ಬರುವುದೂ ಬಂತು.

----

ಬಿಲವೂ ವಾಸವೂ ಸಂಸ್ಕ್ರುತ. ನಾನು ಒಪ್ಪುವುದಿಲ್ಲ.

----

ಬಿಲ ಸಂಸ್ಕೃತಕ್ಕೆ ದ್ರಾವಿಡದಿಂದ ಹೋದದ್ದು ಅನ್ನುವ ವಾದವೂ ಇದೆ. ಬಿರಿ, ಬಿರುಕು ನೋಡಿ. ಸಂಸ್ಕೃತಕ್ಕೆ ನಮ್ಮಿಂದ ಹೋದ ಪದಗಳ ಪಟ್ಟಿಯನ್ನು ಕಿಟೆಲ್ 1894ರಲ್ಲೇ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಕೊಟ್ಟಿದ್ದಾರೆ. ಎರವಲು ಒಂದೇ ಕಡೆಗೆ ಹರಿಯುವುದಿಲ್ಲ.

----

ಅದಕ್ಕೆ ಬೇರೆ ಎಳೆ ಶುರು ಮಾಡಿ, ದಯವಿಟ್ಟು.

----

ಬಿಲವಾಸ ಹಾಕಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಚಳಿಗೆ ಮೈ ಮರಗಟ್ಟಿದರೂ ಹಾವು ನಿದ್ದೆ ಹೋಗಿರುವುದಿಲ್ಲ' ಅಂತ ಒಂದು ಸಾಲು. ನೃತ್ಯ ತೆಗೆದು ಕುಸ್ತಿ ಮಾಡಿದೆ. ಅಚ್ಚಿನವರು ಆ್ಯಡರ್‌ನಲ್ಲಿರುವ ಆ ಯತ್ವ ಅವರ ಫಾಂಟ್‌ನಲ್ಲಿ ಒಡೆಯುತ್ತದೆ, 'ಅಡರ್' ಅಂತ ಮಾಡಲಾ ಅಂತ ಕೇಳುತ್ತಿದ್ದಾರೆ. ಮಾಡಬಹುದಾ?

----

ಬೇಡ ಮೇಡಂ. ಅಡರು ಅಂದರೆ ಹತ್ತು, ಏರು. ಇದು ನೆಲದ ಹಾವು. ಅಂದಹಾಗೆ ಇಂಗ್ಲಿಷಿನಲ್ಲೂ ಅದರ ಹೆಸರು ಹಿಂದೆ 'ನ್ಯಾಡರ್' ಅಂತಿತ್ತು. 'ಎ ನ್ಯಾಡರ್' ಅನ್ನುವುದನ್ನು ಜನ 'ಆ್ಯನ್ ಆ್ಯಡರ್' ಅಂತ ಬಿಡಿಸಿಕೊಂಡು ನಕಾರ ನುಂಗಿದರು. ಇನ್ನು ನಾವೂ ಒಂದು ಅಕ್ಷರ ನುಂಗುವುದು ಬೇಡ. ಫಾಂಟ್ ಬದಲಾಯಿಸಲು ಹೇಳಿ.