ಲೆನ್ಸ್ ‘ಕೂರಿಸು’ ಸರಿ, ಚೀಲವೇ ಇಲ್ಲದಿದ್ದರೆ?

ಗೆಳೆಯರೆ,

ಕಣ್ಣಿನ ಪೊರೆ ಆಪರೇಷನ್ ಬಗ್ಗೆ ರೋಗಿಗಳಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೆರಡು ಪದಕ್ಕೆ ನಿಮ್ಮ ನೆರವು ಬೇಕು.

ಹೋದ ತಿಂಗಳು ನಮ್ಮತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ನಡುವೆ ಡಾಕ್ಟರು ಹೊರಗೆ ಬಂದು ‘ಹಿಂದಿನ ಪೊರೆ ಹರಿದಿದೆ, ಲೆನ್ಸ್ ಬೇರೆ ರೀತಿ ಹಾಕಬೇಕು’ ಅಂದರು. ಇದನ್ನು ಹೇಳಿದಾಗ ಅತ್ತೆ ಕೇಳಿದ್ದು: ‘ಪೊರೆ ತೆಗೆಸೋಕೇ ಅಲ್ವಾ ಹೋಗಿದ್ದು? ಹರಿದರೆ ಒಳ್ಳೇದೇ ಆಯ್ತಲ್ಲ!’

ತಪ್ಪು ಅತ್ತೆಯದಲ್ಲ. ಮಂಜಾದ ಮಸೂರವನ್ನೂ ಪೊರೆ ಅಂತೀವಿ, ಅದನ್ನು ಸುತ್ತಿರುವ ತೆಳು ಹೊದಿಕೆಯನ್ನೂ ಪೊರೆ ಅಂತೀವಿ. ಎರಡನೆಯದನ್ನು ‘ಚೀಲ’ ಅಂದುಬಿಟ್ಟರೆ ಸಾಕು. ಒಳಗಿನ ಮಂಜು ತಿರುಳು ತೆಗೆದು, ಖಾಲಿ ಚೀಲದಲ್ಲಿ ಹೊಸ ಲೆನ್ಸ್ ಇಡುವುದೇ ತಾನೆ ಕೆಲಸ.

ನಿಜವಾದ ತೊಡಕು ಮುಂದಿದೆ. ಉಂಗುರಕ್ಕೆ ಹರಳು ಕೂರಿಸಿದ ಹಾಗೆ ‘ಲೆನ್ಸ್ ಕೂರಿಸಿದರು’ ಅನ್ನುತ್ತೇವೆ. ಚೀಲದ ಮುಂದಿನ ಅಂಚು ಗಟ್ಟಿಯಾಗಿದ್ದರೆ ಅದರ ಮೇಲೂ ಕೂರಿಸಬಹುದು. ಅತ್ತೆಗೆ ಹಾಗೇ ಮಾಡಿದರು. ಚೀಲ ಪೂರ್ತಿ ಕೈಕೊಟ್ಟರೆ? ಕೂರಿಸಲು ಜಾಗವೇ ಇರುವುದಿಲ್ಲ. ಆಗ ಲೆನ್ಸನ್ನು ಕಣ್ಣಿನ ಬಿಳಿ ಗೋಡೆಗೆ ದಾರದಿಂದ ಹೊಲಿಯುವುದು ಒಂದು ದಾರಿ. ಚೆನ್ನೈನ ಕಣ್ಣಿನ ಡಾಕ್ಟರು ಅಮರ್ ಅಗರ್ವಾಲ್ 2007ರಲ್ಲಿ ಅಂಟು ಬಳಸುವ ದಾರಿ ತೋರಿಸಿದರು. ಅದರಲ್ಲೂ ಲೆನ್ಸನ್ನೇ ಅಂಟಿಸುವುದಿಲ್ಲ. ಲೆನ್ಸಿನ ಎರಡು ಬದಿಯಿಂದ ಚಾಚಿರುವ ಎಳೆಗಳನ್ನು ಗೋಡೆಯೊಳಗೆ ತುರುಕಿ, ಗೋಡೆಯಿಂದಲೇ ಬಿಡಿಸಿದ ತೆಳು ಮುಚ್ಚಳವನ್ನು ಮೇಲೆ ಅಂಟಿನಿಂದ ಮುಚ್ಚುತ್ತಾರೆ. ಜಪಾನಿನ ಶಿನ್ ಯಮಾನೆಯವರದು ಇನ್ನೂ ಮಜಾ. ಹೊಲಿಗೆ ಇಲ್ಲ, ಅಂಟೂ ಇಲ್ಲ. ಎಳೆಯನ್ನು ಸಣ್ಣ ಸೂಜಿಯ ಮೂಲಕ ಹೊರಗೆಳೆದು ತುದಿಗೆ ಬಿಸಿ ತಾಗಿಸುತ್ತಾರೆ. ನೈಲಾನ್ ಹಗ್ಗದ ತುದಿ ಬಿಚ್ಚದಿರಲಿ ಅಂತ ಬೆಂಕಿಕಡ್ಡಿ ತೋರಿಸ್ತೀವಲ್ಲ, ಹಾಗೆ ತುದಿ ಕರಗಿ ಗುಂಡಗಾಗುತ್ತದೆ. ಆ ಗುಂಡನ್ನು ಗೋಡೆಯೊಳಕ್ಕೆ ಒತ್ತಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಚೀಲವಿಲ್ಲದಾಗಿನ ಈ ಮೂರೂ ದಾರಿಗಳಿಗೆ ಸೇರಿ ಒಂದು ಕ್ರಿಯಾಪದ ಬೇಕು. ರೋಗಿಗಳಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮಸೂರ ಸ್ಥಿರೀಕರಣ’ ಅಂತ ಬರೆದರೆ ಈರುಳ್ಳಿ ಬೆಲೆ ನೆನಪಾಗುತ್ತದೆ. ‘ಸಿಕ್ಕಿಸು’ ಅಂದರೆ ಗೂಟಕ್ಕೆ ಅಂಗಿ ಸಿಕ್ಕಿಸಿದ ಹಾಗೆ, ಯಾವಾಗ ಬೀಳುತ್ತೋ ಅನ್ನಿಸುತ್ತದೆ. ಸದ್ಯಕ್ಕೆ ನನ್ನ ಮನಸ್ಸು ‘ಕಟ್ಟು’ ಕಡೆಗಿದೆ. ಕೆಳಗೆ ಆಧಾರವಿಲ್ಲದೆ ಎರಡೂ ಬದಿಗೆ ಕಟ್ಟಿದ ತೊಟ್ಟಿಲಿನ ಹಾಗೇ ಅಲ್ವಾ ಅದು ನಿಲ್ಲುವುದು?

ಇನ್ನು ಆ ಎಳೆಗಳು. ಡಾಕ್ಟರು ಚಿತ್ರ ಬರೆದು ‘ಲೆನ್ಸಿನ ಕಾಲು’ ಅಂದರು. ನೋಡಲು ಸಿಗಡಿಯ ಮೀಸೆ ಥರ ಬಾಗಿದ್ದವು. ಆದರೆ ಮೀಸೆ ಏನನ್ನೂ ಹಿಡಿಯೋದಿಲ್ಲ. ‘ಕೊಂಡಿ’ ಆದೀತೇ? ಉಂಗುರದಲ್ಲಿ ಹರಳನ್ನು ಹಿಡಿದಿರುವ ಸಣ್ಣ ಮುಳ್ಳುಗಳಿಗೆ ನಿಮ್ಮೂರಿನ ಅಕ್ಕಸಾಲಿಗರು ಏನಂತಾರೆ? ಸ್ವಲ್ಪ ಕೇಳಿ ತಿಳಿಸಿ.