ಹೋಗೋಕೆ ಎರಡು ಗಂಟೆ, ಬರೋಕೆ ಐದು ಗಂಟೆ. ಒಂದೇ ದಾರಿ ಅಲ್ವಾ?

ಮೂಡಿಗೆರೆ ತೋಟದವನು:
ತಂಗಿ ದುಬೈನಲ್ಲಿದ್ದಾಳೆ, ಬಾಣಂತನಕ್ಕೆ ಅಮ್ಮ ಜುಲೈನಲ್ಲಿ ಹೊರಡಬೇಕು. ಮಂಗಳೂರಿಂದ ನೋಡಿದ್ರೆ ಬೆಳಗ್ಗೆ 9:10ಕ್ಕೆ ಬಿಟ್ಟು 11:10ಕ್ಕೆ ದುಬೈ ಅಂತ ತೋರಿಸ್ತಿದೆ. ವಾಪಸ್ ಬರೋದು ರಾತ್ರಿ 11:40ಕ್ಕೆ ಬಿಟ್ಟು ಬೆಳಗಿನ ಜಾವ 4:30ಕ್ಕೆ. ಘಾಟಿ ಹತ್ತೋಕೆ ಜಾಸ್ತಿ ಹೊತ್ತು, ಇಳಿಯೋಕೆ ಕಡಿಮೆ, ಅದು ನಮಗೆ ಗೊತ್ತು. ಆಕಾಶದಲ್ಲೂ ಘಾಟಿ ಇದೆಯಾ ಮಾರಾಯ್ರೆ? ಇನ್ನೊಂದು, ಮಂಗಳೂರು ಒಳ್ಳೇದಾ ಬೆಂಗಳೂರಾ?

ದುಬೈಲಿ ಹತ್ತು ವರ್ಷ ಇದ್ದವನು:
ಟಿಕೆಟ್‌ನಲ್ಲಿ ಆಯಾ ಊರಿನ ಟೈಮ್ ಹಾಕಿರ್ತಾರೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ, ಬರುವಾಗ ಕಳೆಯಿರಿ. ಹೋಗೋದು ಮೂರೂವರೆ ಗಂಟೆ, ಬರೋದು 3 ಗಂಟೆ 20 ನಿಮಿಷ.

ಮಂಗಳೂರು-ದುಬೈ ಹಕ್ಕಿ ಹಾರಿದ ಹಾಗೆ ಅಳೆದರೆ 2,450 ಕಿ.ಮೀ. ಆಸುಪಾಸು. ಗಂಟೆಗೆ 800 ಅಂದ್ರೂ ಮೂರು ಗಂಟೆ. ಮಿಕ್ಕ ಅರ್ಧ ಗಂಟೆ ರನ್‌ವೇವರೆಗೆ ತೆವಳೋದು, ಏರೋದು, ಇಳಿಯೋದು. ಟಿಕೆಟ್ ಲೆಕ್ಕ ವಿಮಾನ ಗೇಟ್ ಬಿಟ್ಟಲ್ಲಿಂದ ಮತ್ತೆ ಗೇಟಿಗೆ ನಿಲ್ಲೋವರೆಗೆ, ಬರೀ ಹಾರೋ ಹೊತ್ತಲ್ಲ. ಚಳಿಗಾಲದಲ್ಲಿ ಮೇಲೆ ಪಡುವಣ ಗಾಳಿ ಜೋರು, ಬರುವಾಗ ಬೆನ್ನಿಗೆ ಬೀಸುತ್ತೆ, ಇನ್ನೂ ಬೇಗ ಇಳಿಸಿಬಿಡ್ತಾರೆ.

ಬೆಂಗಳೂರಿಂದ 2,700 ಕಿ.ಮೀ., ನಾಲ್ಕು ಗಂಟೆ ಹತ್ತಿರ.

ಬಣಕಲ್‌ನವಳು:
ಆಕಾಶದ ಲೆಕ್ಕ ಬಿಡಿ, ನೆಲದ್ದು ನೋಡಿ. ಮೂಡಿಗೆರೆಯಿಂದ ಮಂಗಳೂರು ಏರ್‌ಪೋರ್ಟ್ ಇರೋ ಬಜ್ಪೆಗೆ 120 ಕಿ.ಮೀ. ಅಷ್ಟೇ. ಆದ್ರೆ ಜುಲೈ ಚಾರ್ಮಾಡಿ! ಕೊಟ್ಟಿಗೆಹಾರ ದಾಟಿದ ಮೇಲೆ ಮಂಜಲ್ಲಿ ಎದುರಿನ ಗಾಡಿ ಲೈಟೇ ಕಾಣಲ್ಲ. ಹೋದ ಮಳೆಗಾಲ ಮರ ಬಿದ್ದು ಎರಡು ಗಂಟೆ ಅಲ್ಲೇ ಕೂತಿದ್ವಿ, ಕೌಂಟರ್ ಮುಚ್ಚೋಕೆ ಹತ್ತು ನಿಮಿಷ ಇರುವಾಗ ಓಡಿದ್ದು. ಬೆಂಗಳೂರಾದ್ರೆ ಬೇಲೂರು, ಹಾಸನ, ನೆಲಮಂಗಲ ಸುತ್ತಿ ಏರ್‌ಪೋರ್ಟಿಗೆ 250ರ ಮೇಲೆ, ಐದಾರು ಗಂಟೆ. ನಾನಾದ್ರೆ ಹಿಂದಿನ ದಿನ ಬೆಳಕಿದ್ದಾಗಲೇ ಘಾಟಿ ಇಳಿದು ಮಂಗಳೂರಲ್ಲಿ ಉಳಿತೀನಿ. ಮೂರು ಗಂಟೆ ಮೊದಲೇ ಏರ್‌ಪೋರ್ಟಲ್ಲಿರಬೇಕು ಬೇರೆ. ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕಿ.

ಮೂಡಿಗೆರೆ ತೋಟದವನು:
ಅಂದ್ರೆ ಮಳೆಗಾಲದಲ್ಲಿ 120 ಕಿ.ಮೀ.ಗೂ ಮೂರೂವರೆ ಗಂಟೆ, 2,450ಕ್ಕೂ ಮೂರೂವರೆ ಗಂಟೆ! ಸರಿ, ಮಂಗಳೂರೇ ಬುಕ್ ಮಾಡಿದೆ. ಉಜಿರೆಯಲ್ಲಿ ದೊಡ್ಡಮ್ಮನ ಮನೆ ಇದೆ, ರಾತ್ರಿ ಅಲ್ಲೇ.

ಅಮ್ಮಂಗೆ ಗಡಿಯಾರದ ವಿಷಯ ಹೇಳಿದೆ. ವಾಚ್ ತಿರುಗಿಸೋದೇ ಇಲ್ಲ ಅಂತ ಹಟ. "ಅಲ್ಲಿ ಎಷ್ಟಾದ್ರೇನು, ಇಲ್ಲಿ ಹಾಲು ಕರೆಯೋ ಹೊತ್ತಾಯ್ತಾ ಅಂತ ನಂಗೆ ಗೊತ್ತಾಗ್ಬೇಕು" ಅಂತಾರೆ.