ಹೀಬ್ರೂ ಆದಿಕಾಂಡದಲ್ಲಿ 50ರ ನೆಗೆತ: ಪೈಥಾನ್ ಕೋಡ್‌ಗೆ 'ತೋರಾ' ಪದ ಸಿಗುತ್ತಿಲ್ಲ

ಅಕ್ಷರಪ್ರಿಯ:
ಎಲ್ಲರಿಗೂ ನಮಸ್ಕಾರ. ಹೀಬ್ರೂ ಆದಿಕಾಂಡದ ಮೊದಲ 'ತಾವ್' ಅಕ್ಷರದಿಂದ ಶುರು ಮಾಡಿ ಪ್ರತಿ 50ನೇ ಅಕ್ಷರ ಎತ್ತಿಕೊಂಡರೆ ತಾವ್, ವಾವ್, ರೇಶ್, ಹೇ ಬರುತ್ತದೆ, ಅಂದರೆ 'ತೋರಾ' ಪದ (ಆದಿಕಾಂಡದಿಂದ ಶುರುವಾಗುವ ಬೈಬಲಿನ ಮೊದಲ ಐದು ಪುಸ್ತಕಗಳ ಹೀಬ್ರೂ ಹೆಸರು) ಆಗುತ್ತದೆ ಅಂತ ಓದಿದ್ದೆ. ಕಣ್ಣಾರೆ ನೋಡೋಣ ಅಂತ ಪೈಥಾನ್‌ನಲ್ಲಿ ಕೋಡ್ ಬರೆದೆ. ಫೈಲ್ ಓದಿ, ಖಾಲಿ ಜಾಗ ತೆಗೆದು, ಮೊದಲ ತಾವ್‌ನಿಂದ ಐವತ್ತೈವತ್ತು ಮುಂದೆ ಹೋಗುತ್ತಿದ್ದೇನೆ. ಆದರೆ ಸಿಗುವುದರಲ್ಲಿ ಅಕ್ಷರಕ್ಕಿಂತ ಚುಕ್ಕೆಗಳೇ ಜಾಸ್ತಿ. ಪಠ್ಯದ ಉದ್ದವೂ ಲಕ್ಷ ದಾಟುತ್ತಿದೆ. 49, 51 ಎಲ್ಲಾ ಹಾಕಿ ನೋಡಿದೆ, ಅದೇ ಕಥೆ. ಬಲದಿಂದ ಎಡಕ್ಕೆ ಬರೆಯುವ ಲಿಪಿ ಅಲ್ವಾ, ಸ್ಟ್ರಿಂಗ್ ತಿರುಗಿಸಬೇಕಾ?

ಹಳೇಲಿಪಿ:
ತಿರುಗಿಸಬೇಡಿ. ಮೆಮೊರಿಯಲ್ಲಿ ಅಕ್ಷರಗಳು ಓದುವ ಕ್ರಮದಲ್ಲೇ ಕೂತಿರುತ್ತವೆ. ಪರದೆ ಮೇಲೆ ಮಾತ್ರ ಬಲದಿಂದ ಕಾಣುತ್ತವೆ.

ತೊಂದರೆ ಇರುವುದು ಚುಕ್ಕೆಗಳಲ್ಲಿ. ಕನ್ನಡದ 'ಕಿ' ಕೊಟ್ಟರೆ ಪೈಥಾನ್ ಉದ್ದ 2 ಅನ್ನುತ್ತದೆ, ಕ ಒಂದು, ಗುಣಿಸು ಒಂದು. ಹೀಬ್ರೂನಲ್ಲೂ ಹಾಗೇ. ಸ್ವರಚಿಹ್ನೆ, ಪಠಣದ ಗುರುತು, ಪದ ಜೋಡಿಸುವ ಗೆರೆ, ವಚನ ಮುಗಿದಾಗ ಬರುವ ಎರಡು ಚುಕ್ಕೆ, ಒಂದೊಂದೂ ಬೇರೆ ಬೇರೆ ಕೋಡ್. ಅವನ್ನೆಲ್ಲ ಒಂದೊಂದಾಗಿ ತೆಗೆಯಲು ಹೋದರೆ ಒಂದಲ್ಲ ಒಂದು ಉಳಿದುಬಿಡುತ್ತದೆ. ಅದರ ಬದಲು ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳಿ. ಯೂನಿಕೋಡ್‌ನಲ್ಲಿ ಆಲೆಫ್‌ನ ಸಂಖ್ಯೆ 1488, ತಾವ್‌ನದು 1514. ಈ ಎರಡರ ನಡುವೆ ಬರುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಸಾಕಿ.

ಅದಕ್ಕೂ ಮೊದಲು ಪಠ್ಯವನ್ನು ಎನ್‌ಎಫ್‌ಕೆಡಿ (NFKD) ರೂಪಕ್ಕೆ, ಅಂದರೆ ಅಂಟಿಕೊಂಡ ಅಕ್ಷರ, ಚುಕ್ಕೆಗಳನ್ನು ಬಿಡಿಬಿಡಿ ಮಾಡುವ ಯೂನಿಕೋಡ್ ರೂಪಕ್ಕೆ ತಂದುಕೊಳ್ಳಿ. ಕೆಲವು ಫೈಲ್‌ಗಳಲ್ಲಿ ಚುಕ್ಕೆ ಅಂಟಿಸಿದ ವಾವ್, ಶಿನ್ ಇಂಥವು ಒಂದೇ ಕೋಡ್ ಆಗಿ ಬೇರೆ ಕಡೆ ಇರುತ್ತವೆ. ಹಾಗೇ ಸೋಸಿದರೆ ಚುಕ್ಕೆಯ ಜೊತೆ ಅಕ್ಷರವೂ ಹೋಗುತ್ತದೆ. ಅಲ್ಲಿಂದ ಮುಂದೆ ಇಡೀ ಲೆಕ್ಕ ಒಂದೊಂದು ಮನೆ ಸರಿಯುತ್ತದೆ.

ಪದದ ಕೊನೆಯಲ್ಲಿ ರೂಪ ಬದಲಿಸುವ ಐದು ಅಕ್ಷರಗಳಿವೆ: ಕಾಫ್, ಮೇಮ್, ನೂನ್, ಪೇ, ತ್ಸಾದಿ. ಈ ಐದರಲ್ಲೂ ಕೊನೆಯ ರೂಪದ ಕೋಡ್‌ಗೆ 1 ಕೂಡಿದರೆ ಮಾಮೂಲಿ ರೂಪ ಸಿಗುತ್ತದೆ. 'ತೋರಾ'ಗೆ ಇದು ಬೇಕಿಲ್ಲ, ಬೇರೆ ಪದ ಹುಡುಕುವಾಗ ಬೇಕು.

ಸೋಸಿದ ಮೇಲೆ ಒಟ್ಟು ಎಣಿಸಿ. ಆದಿಕಾಂಡಕ್ಕೆ 78,064 ಬರಬೇಕು. ಕೆಲವು ಪದಗಳನ್ನು ಬರೆದಿರುವುದು ಒಂದು ರೀತಿ, ಓದುವುದು ಇನ್ನೊಂದು ರೀತಿ. ಜಾಸ್ತಿ ಬಂದರೆ ಫೈಲ್‌ನಲ್ಲಿ ಬರೆದ ಪಾಠ, ಓದುವ ಪಾಠ ಎರಡೂ ಸೇರಿಕೊಂಡಿವೆಯಾ ನೋಡಿ.

ಅಕ್ಷರಪ್ರಿಯ:
ಬಂತು ಸರ್! ಮೊತ್ತ 78,064 ಸರಿಯಾಗಿದೆ. 6, 56, 106, 156ನೇ ಅಕ್ಷರಗಳು. ಮೊದಲನೆಯದು ಮೊದಲ ಪದದ ಕೊನೆಯ ತಾವ್. ಎರಡನೆಯದು 2ನೇ ವಚನದ 'ತೆಹೋಮ್' ಒಳಗಿನ ವಾವ್. ಆಮೇಲೆ 4ನೇ ವಚನದ 'ವಯ್ಯರ್' ಪದದ ರೇಶ್, 5ನೇ ವಚನದ 'ಎಲೋಹೀಮ್' ಪದದ ಹೇ. ನೋಡಿ ಮೈ ಜುಮ್ಮೆಂದಿತು. ವಿಮೋಚನಕಾಂಡದಲ್ಲೂ 8, 58, 108, 158ರಲ್ಲಿ ಅದೇ ಪದ! ಆದರೆ ಯಾಜಕಕಾಂಡದಲ್ಲಿ ಹೀಗೇ ಮಾಡಿದರೆ ಬರುತ್ತಿಲ್ಲ. ಮತ್ತೆ ಫೈಲ್ ಕೆಟ್ಟಿದೆಯಾ?

ಕೋಡ್‌ಮನೆ:
ಫೈಲ್ ಚೆನ್ನಾಗೇ ಇದೆ. ಅಲ್ಲಿ ಆ ಪದ ಹಾಗೆ ಬರುವುದಿಲ್ಲ. ಯಾಜಕಕಾಂಡಕ್ಕೆ ಬಂದಾಗ ಜನ ಪದವನ್ನೂ ಬದಲಿಸುತ್ತಾರೆ, ನೆಗೆತವನ್ನೂ ಬದಲಿಸುತ್ತಾರೆ. ಮೊದಲ 'ಯೋದ್'ನಿಂದ 8ರ ನೆಗೆತ ಹಾಕಿ, 2, 10, 18, 26ರಲ್ಲಿ ದೇವರ ನಾಲ್ಕಕ್ಷರದ ಹೆಸರು ಸಿಗುತ್ತದೆ. ಅರಣ್ಯಕಾಂಡದಲ್ಲಿ ಮತ್ತೆ 50, ಆದರೆ 'ತೋರಾ' ಹಿಂದುಮುಂದಾಗಿ. ಧರ್ಮೋಪದೇಶಕಾಂಡದಲ್ಲಿ 49, ಅದೂ 5ನೇ ವಚನದಿಂದ ಎಣಿಸಬೇಕು. ಪ್ರತಿ ಪುಸ್ತಕಕ್ಕೂ ನಿಯಮ ಬದಲಾಗುತ್ತಿರುವುದು ಕಾಣಿಸ್ತಾ? ನಿಮಗೆ ಸಿಕ್ಕಿದ್ದು ನಿಜವೇ. ಅದು ಎಷ್ಟು ಅಪರೂಪ ಅಂತ ಹೇಳಲು ಮಾತ್ರ ಇನ್ನೊಂದು ಕೆಲಸ ಬಾಕಿ ಇದೆ.

ಅದೇ 78,064 ಅಕ್ಷರಗಳನ್ನು ಕಲಸಿ, ಸಾವಿರ ಸಲ ಅದೇ ಕೋಡ್ ಓಡಿಸಿ. ಪದ, ನೆಗೆತ, ಶುರುವಾಗುವ ಜಾಗ ಮೂರನ್ನೂ ಮೊದಲೇ ಬರೆದಿಟ್ಟುಕೊಂಡಿರಿ. ಸಿಕ್ಕ ಮೇಲೆ ಆರಿಸಿದರೆ ಲೆಕ್ಕಕ್ಕೆ ಬೆಲೆ ಇಲ್ಲ. ನೆಗೆತಕ್ಕೆ ಮಿತಿಯೇ ಇಡದಿದ್ದರೆ ನಾಲ್ಕಕ್ಷರದ ಪದ ಕಲಸಿದ ಪಠ್ಯದಲ್ಲೂ ರಾಶಿ ರಾಶಿ ಸಿಗುತ್ತದೆ. ವಾವ್, ಹೇ ಎರಡೂ ಹೀಬ್ರೂನಲ್ಲಿ ತುಂಬಾ ಬರುವ ಅಕ್ಷರಗಳು.

ದೊಡ್ಡ ಮಟ್ಟದಲ್ಲಿ ಆಗಿದ್ದೂ ಇದೇ ಜಗಳ. 1994ರಲ್ಲಿ ವಿಟ್ಜ್ಟಮ್, ರಿಪ್ಸ್, ರೋಸೆನ್‌ಬರ್ಗ್ ಎಂಬ ಮೂವರು ಒಂದು ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಲೇಖನ ಬರೆದರು. ಹೆಸರಾಂತ ರಬ್ಬಿಗಳ (ಯಹೂದಿ ಧರ್ಮಗುರುಗಳ) ಹೆಸರು, ಅವರ ಹುಟ್ಟು-ಸಾವಿನ ತಾರೀಖು ಆದಿಕಾಂಡದಲ್ಲಿ ಹತ್ತಿರ ಹತ್ತಿರ ಅಡಗಿವೆ ಎಂಬುದು ಅವರ ವಾದ. 1999ರಲ್ಲಿ ಅದೇ ಪತ್ರಿಕೆಯಲ್ಲಿ ಮೆಕೇ, ಬಾರ್-ನಟನ್, ಬಾರ್-ಹಿಲ್ಲೆಲ್, ಕಲೈ ಉತ್ತರ ಕೊಟ್ಟರು. ಒಬ್ಬ ರಬ್ಬಿಯನ್ನು ಹಲವು ಹೆಸರಿನಿಂದ ಕರೆಯುತ್ತಾರೆ. ಯಾವುದನ್ನು ಪಟ್ಟಿಗೆ ಸೇರಿಸುತ್ತೀರಿ ಎನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಹೆಸರುಗಳನ್ನು ಬೇರೆ ರೀತಿ ಆರಿಸಿಕೊಂಡು, ಟಾಲ್‌ಸ್ಟಾಯ್ ಕಾದಂಬರಿ 'ಯುದ್ಧ ಮತ್ತು ಶಾಂತಿ'ಯ ಹೀಬ್ರೂ ಅನುವಾದದಲ್ಲೂ ಅಂಥದ್ದೇ ಫಲಿತಾಂಶ ತೋರಿಸಿದರು. ಆ ಎರಡನೇ ಲೇಖನ ದಯವಿಟ್ಟು ಓದಿ. ನನಗೆ ಅದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ಅಕ್ಷರಪ್ರಿಯ:
ತುಂಬಾ ಥ್ಯಾಂಕ್ಸ್. ಕಲಸಿ ಓಡಿಸೋಕೆ ಹಾಕಿದ್ದೇನೆ. ಇದೇ ಕೋಡ್ ಇಟ್ಟುಕೊಂಡು ನಮ್ಮ ಸಿರಿಭೂವಲಯದಲ್ಲೂ ಹುಡುಕಬಹುದಾ?

ಹಳೇಲಿಪಿ:
ಈ ಕೋಡ್ ಅಲ್ಲಿಗೆ ಆಗುವುದಿಲ್ಲ. ಕುಮುದೇಂದು ಮುನಿಯ ಗ್ರಂಥ ಇರುವುದೇ ಅಂಕಿಗಳಲ್ಲಿ. 27 ಸಾಲು, 27 ಕಂಬಸಾಲಿನ ಚಕ್ರ, ಮನೆ ಮನೆಯಲ್ಲೂ 1ರಿಂದ 64ರೊಳಗಿನ ಒಂದು ಅಂಕಿ, ಒಂದೊಂದು ಅಂಕಿಗೂ ಒಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು ಎನ್ನುವುದನ್ನು 'ಬಂಧ' ಎಂಬ ಓದಿನ ಕ್ರಮ ಹೇಳುತ್ತದೆ. ಆದಿಕಾಂಡದ 78,064ರಲ್ಲಿ ನಾಲ್ಕು ಅಕ್ಷರ ಎತ್ತಿಕೊಂಡು ಉಳಿದದ್ದನ್ನು ಬಿಟ್ಟಿರಿ. ಇಲ್ಲಿ ಹಾಗೆ ಬಿಡುವಂತಿಲ್ಲ, 729 ಮನೆಯೂ ಓದಿಗೆ ಸೇರಬೇಕು, ಓದಿದ್ದು ಕನ್ನಡ ಪದ್ಯವಾಗಿ ನಿಲ್ಲಬೇಕು. ಹಾಗಾಗಿ ಮೊದಲು 64 ಧ್ವನಿಗಳ ಪಟ್ಟಿ ಮಾಡಿಕೊಳ್ಳಿ: 27 ಸ್ವರ, 33 ವ್ಯಂಜನ, 4 ಯೋಗವಾಹ. ಸ್ವರದಲ್ಲಿ ಹ್ರಸ್ವ, ದೀರ್ಘ, ಪ್ಲುತ ಮೂರೂ ಬೇರೆ ಬೇರೆ ಅಂಕಿ, ಅದನ್ನು ಮರೆಯಬೇಡಿ. ಪಟ್ಟಿ ಆದ ಮೇಲೆ ಹೊಸ ಚರ್ಚೆ ಶುರು ಮಾಡಿ, ಮೊದಲ ಚಕ್ರವನ್ನು ಅಲ್ಲೇ ಸೇರಿ ಬಿಡಿಸೋಣ.